ರಾಯಣ್ಣನ ಕುದುರೆ, ರಾಯಣ್ಣನ ಹೊಲ

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ಗೆಳೆಯರೇ, ಬೆಂಗಳೂರಿನ ರೈಲು ನಿಲ್ದಾಣದ ಹತ್ತಿರ ಸಂಗೊಳ್ಳಿ ರಾಯಣ್ಣ ಕುದುರೆ ಏರಿ ನಿಂತಿದ್ದಾನೆ. ನೋಡಿದವರು ರಾಜನೆಂದೇ ತಿಳೀಬೇಕು. ಖರೇ ಅಂದ್ರೆ ಅವ ರಾಜನಲ್ಲ. ಊರು ಕಾಯುವ ಚಾಕರಿಗೆ ಹೊಲ ಪಡೆದಿದ್ದ ಶೇತಸನದಿ, ಕುರುಬರ ಮಗ. ಆ ಹೊಲವನ್ನು ಕಂಪನಿ ಸರ್ಕಾರ ಕಸಿಯಿತು, ಉಳಿದದ್ದಕ್ಕೆ ತೆರಿಗೆ ಹೇರಿತು. ಕಿತ್ತೂರಿನ ಋಣದ ಜೊತೆ ಈ ಸಿಟ್ಟೂ ಇತ್ತು. 1830ರಲ್ಲಿ ಬೀಡಿಯ ಕಚೇರಿ ಸುಟ್ಟ, ಜಮೀನಿನ ದಫ್ತರಗಳಿಗೆ ಬೆಂಕಿ ಇಟ್ಟ. ಸಿದ್ದಿ ಗಜವೀರನಂಥವರು ಅವನ ಬೆನ್ನಿಗಿದ್ದರು. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು.

ನಮ್ಮ ನೆಲದಲ್ಲೂ ಇದೇ ಸಿಟ್ಟು ಹೊತ್ತಿತ್ತು. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪ 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಸರ್ಕಾರದ ಕಂದಾಯದ ಹಣಕ್ಕೇ ಕೈಹಾಕಿ ಗುಂಡಿಗೆ ಬಲಿಯಾದರು. ಜೊತೆಗೆ ಬಿದ್ದವರು ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ.

ಈಗ? 2023ರ ಮಾರ್ಚ್‌ನಲ್ಲಿ ಇದೇ ಜಿಲ್ಲೆಯ ರಟ್ಟೀಹಳ್ಳಿಯಲ್ಲಿ, ರಾಯಣ್ಣನ ಹೆಸರಿನ ಮೆರವಣಿಗೆ ಹೊತ್ತಿಗೆ ಮುಸ್ಲಿಮರ ಮನೆ, ಮಸೀದಿ ಮೇಲೆ ಕಲ್ಲು ಬಿದ್ದವು. ಕಂಪನಿ ಕಚೇರಿ ಸುಟ್ಟವನ ಹೆಸರಲ್ಲಿ ನೆರೆಮನೆಗೆ ಕಲ್ಲು ಹೊಡೆಯೋದಾ?

ಮೂರ್ತಿ ನಿಲ್ಲಿಸ್ರಿ, ಬ್ಯಾಡ ಅನ್ನೋರು ಯಾರು? ಆದರೆ ಕುದುರೆ ಕಾಲಡಿಯ ಕಲ್ಲಿನ ಮೇಲೆ ಆ ಕಸಿದ ಹೊಲದ ಕಥೀನೂ ಕೆತ್ತಿಸ್ರಿ.