ಕೃಷ್ಣೆಯ ಗಡ್ಡಿಗಳು: ದ್ವೀಪ ನೋಡಲು ಹೊರಟವರಿಗೆ ಒಂದಿಷ್ಟು ಚರಿತ್ರೆ

ದ್ವೀಪ ಪ್ರವಾಸ ಎಂದ ಕೂಡಲೇ ಅಂಡಮಾನ್, ಲಕ್ಷದ್ವೀಪ, ಮಾಲ್ಡೀವ್ಸ್ ನೆನಪಾಗುತ್ತವೆ. ತೆಂಗಿನ ಮರ, ನೀಲಿ ನೀರು, ಬಿಳಿ ಮರಳು. ಯಾದಗಿರಿ, ಶಹಾಪುರ, ಸುರಪುರದ ಬಿಸಿಲಲ್ಲಿ ಕೂತು ಅಂಥ ಜಾಹೀರಾತು ನೋಡುವವರಿಗೆ ಅದೆಲ್ಲ ಬೇರೆ ಲೋಕದ ಮಾತು ಅನ್ನಿಸುವುದು ಸಹಜ. ಆದರೆ ಒಮ್ಮೆ ಭೂಪಟ ಬಿಚ್ಚಿ ನೋಡಿ. ಕರ್ಕಾಟಕ ಸಂಕ್ರಾಂತಿ ವೃತ್ತ ಇರುವುದು 23.5 ಡಿಗ್ರಿಯಲ್ಲಿ, ನಮ್ಮ ಜಿಲ್ಲೆ ಇರುವುದು 16 ಮತ್ತು 18 ಡಿಗ್ರಿಗಳ ನಡುವೆ. ಅಂದರೆ ನಾವು ಪಕ್ಕಾ ಉಷ್ಣವಲಯದವರು. ದ್ವೀಪಗಳೂ ನಮ್ಮಲ್ಲಿವೆ, ಸಮುದ್ರದಲ್ಲಲ್ಲ, ಕೃಷ್ಣೆಯಲ್ಲಿ. ನಾವು ಅವನ್ನು ದ್ವೀಪ ಅನ್ನುವುದಿಲ್ಲ, ಗಡ್ಡಿ ಅನ್ನುತ್ತೇವೆ.

ಸುರಪುರ ತಾಲೂಕಿನ ಕಕ್ಕೇರಾ ಸಮೀಪ ನೀಲಕಂಠರಾಯನಗಡ್ಡಿ ಇದೆ. ಹೊಳೆಯ ಆಚೆ ದಂಡೆಯ ಲಿಂಗಸುಗೂರು ತಾಲೂಕಿನಲ್ಲಿ ಜಲದುರ್ಗ, ಕರಕಲಗಡ್ಡಿ, ಮ್ಯಾದರಗಡ್ಡಿ, ವೆಂಕಮ್ಮನಗಡ್ಡಿ ಇವೆ. ಇನ್ನೂ ಕೆಳಗೆ, ರಾಯಚೂರು ತಾಲೂಕಿನಲ್ಲಿ, ಕುರುವಪುರ, ನಾರದಗಡ್ಡೆ, ಕುರ್ವಕಲಾ, ಕುರ್ವಖುರ್ದಾ. ಇವುಗಳ ಹೆಸರು ಪತ್ರಿಕೆಯಲ್ಲಿ ಬರುವುದು ಸಾಮಾನ್ಯವಾಗಿ ಜುಲೈ, ಆಗಸ್ಟ್ ತಿಂಗಳಲ್ಲಿ. ಶೀರ್ಷಿಕೆಯೂ ಹೆಚ್ಚುಕಡಿಮೆ ಒಂದೇ: 'ಗಡ್ಡಿ ಸಂಪರ್ಕ ಕಡಿತ'. ನೀರು ಇಳಿದ ಮೇಲೆ ಸುದ್ದಿಯೂ ಇಳಿಯುತ್ತದೆ. ಉಳಿದ ಹತ್ತು ತಿಂಗಳ ಗಡ್ಡಿ ಹೇಗಿರುತ್ತದೆ, ಅದರ ಹಿಂದಿನ ಐನೂರು ವರ್ಷ ಹೇಗಿತ್ತು ಎಂದು ಬರೆಯುವವರು ಕಡಿಮೆ. ಅಲ್ಲಿಗೆ ಹೋದರೆ ಏನು ನೋಡಬೇಕು, ಏನು ಮಾಡಬೇಕು ಎಂದು ಹೇಳುವ ನೆಪದಲ್ಲಿ ಆ ಚರಿತ್ರೆಯನ್ನು ಇಲ್ಲಿ ಹೇಳುತ್ತೇವೆ.

ಹೆಸರಿನಲ್ಲೇ ಇದೆ

ಮೊದಲು ಊರ ಹೆಸರುಗಳನ್ನು ಗಮನಿಸಿ. 'ಕುರುವ' ಎಂದರೆ ಹಳೆಯ ಕನ್ನಡದಲ್ಲಿ ಹೊಳೆಯ ನಡುವಿನ ನೆಲ. ಹಾಗಾಗಿ ಕುರುವಪುರ ಎಂದರೆ ದ್ವೀಪದ ಊರು. ಕುರ್ವಕಲಾ, ಕುರ್ವಖುರ್ದಾ ಇನ್ನೂ ಸ್ವಾರಸ್ಯದ ಹೆಸರುಗಳು. 'ಕಲಾನ್' ಎಂದರೆ ದೊಡ್ಡದು, 'ಖುರ್ದ್' ಎಂದರೆ ಸಣ್ಣದು. ಇವು ಪಾರಸಿಯಿಂದ ಬಂದ ಕಂದಾಯ ದಫ್ತರದ ಮಾತುಗಳು. ಕನ್ನಡದ ಹೊಳೆ ಪದಕ್ಕೆ ಪಾರಸಿಯ ಲೆಕ್ಕದ ಪದ ಅಂಟಿಕೊಂಡು ದೊಡ್ಡ ಕುರುವ, ಸಣ್ಣ ಕುರುವ ಎಂಬ ಎರಡು ಊರುಗಳಾಗಿವೆ. ಹೊಳೆ ನಡುವಿನ ಇಷ್ಟಗಲ ನೆಲವನ್ನೂ ಸರ್ಕಾರಗಳು ಲೆಕ್ಕಕ್ಕೆ ಹಿಡಿದಿದ್ದವು, ಅಲ್ಲಿ ಬಿತ್ತಿ ಬೆಳೆದು ತೆರಿಗೆ ಕೊಡುವ ಜನ ಇದ್ದರು ಎಂಬುದಕ್ಕೆ ಈ ಹೆಸರುಗಳೇ ಸಾಕ್ಷಿ.

ಹೊಳೆ ಇಳಿಯುವ ಜಾಗ

ಗಡ್ಡಿಗಳು ಇಲ್ಲೇ ಯಾಕೆ ಇಷ್ಟೊಂದು? ಇದಕ್ಕೆ ಉತ್ತರ ನೆಲದ ಇಳಿಜಾರಿನಲ್ಲಿದೆ. ನಾರಾಯಣಪುರದಿಂದ ಜಲದುರ್ಗದ ಕಡೆಗೆ ಬರುವಾಗ ಕೃಷ್ಣೆ ದಖ್ಖನ್ ಪ್ರಸ್ಥಭೂಮಿಯ ಮೇಲ್ಮಟ್ಟದಿಂದ ಸುರಪುರ, ರಾಯಚೂರು ಬಯಲಿಗೆ ಇಳಿಯುತ್ತದೆ. ಸುಮಾರು ಮೂರು ಮೈಲಿಯಲ್ಲಿ 400 ಅಡಿಗೂ ಹೆಚ್ಚು ಇಳಿಜಾರು ಎಂದು ಬ್ರಿಟಿಷರ ಕಾಲದ ಗ್ಯಾಸೆಟಿಯರ್ ದಾಖಲಿಸಿದೆ. ಗಟ್ಟಿ ಬಂಡೆಗಳ ನಡುವೆ ದಾರಿ ಹುಡುಕುತ್ತ ಹೊಳೆ ಕವಲಾಗುತ್ತದೆ. ಕವಲುಗಳ ನಡುವೆ ಉಳಿದ ಎತ್ತರದ ನೆಲ ಗಡ್ಡಿಯಾಗುತ್ತದೆ.

ಬೇಸಿಗೆಯಲ್ಲಿ ಹೋದರೆ ಇದನ್ನು ಕಣ್ಣಾರೆ ನೋಡಬಹುದು. ಬಸವಸಾಗರ ಜಲಾಶಯದ ಕೆಳಗೆ, ಹೊಳೆಯ ದಂಡೆಯಲ್ಲಿ ಛಾಯಾ ಭಗವತಿ ದೇವಸ್ಥಾನವಿದೆ. ಅಲ್ಲಿಂದ ಕೆಳಗೆ ನೋಡಿದರೆ ನೀರು ಉಜ್ಜಿ ನುಣುಪಾದ ಬಂಡೆಗಳು ಸಾಲುಸಾಲಾಗಿ ಕಾಣುತ್ತವೆ. ಮಳೆಗಾಲದಲ್ಲಿ ಅದೇ ಜಾಗದಲ್ಲಿ ಒಂದು ಬಂಡೆಯೂ ಕಾಣುವುದಿಲ್ಲ. ದೇವಸ್ಥಾನಕ್ಕೇ ನೀರು ನುಗ್ಗಿದ ವರ್ಷಗಳಿವೆ.

ಕೋಟೆಗೆ ಹೊಳೆಯೇ ಕಂದಕ

ನೋಡಬೇಕಾದ ಎರಡನೇ ಜಾಗ ಜಲದುರ್ಗ. ಎರಡು ಕವಲುಗಳ ನಡುವಿನ ಗುಡ್ಡದ ಮೇಲೆ ಕಟ್ಟಿದ ಕೋಟೆ. ಬೇರೆ ಕೋಟೆಗಳಿಗೆ ಕಂದಕ ತೋಡಬೇಕು, ಇಲ್ಲಿ ಹೊಳೆಯೇ ಕಂದಕ. ಕೃಷ್ಣಾ, ತುಂಗಭದ್ರಾ ನಡುವಿನ ದೋಆಬ್‌ಗಾಗಿ ವಿಜಯನಗರ ಮತ್ತು ಬಿಜಾಪುರ ಮತ್ತೆ ಮತ್ತೆ ಕಾದಾಡಿದವು. 1520ರ ರಾಯಚೂರು ಯುದ್ಧ ಅವುಗಳಲ್ಲಿ ಹೆಸರಾದದ್ದು. ಅಂಥ ಗಡಿ ಸೀಮೆಯಲ್ಲಿ ಹೊಳೆ ದಾಟುವ ಜಾಗವನ್ನು ಕಾಯುವ ಕೋಟೆಗೆ ಎಷ್ಟು ಬೆಲೆ ಇತ್ತು ಎಂದು ಬಿಡಿಸಿ ಹೇಳಬೇಕಿಲ್ಲ. ಈ ಕೋಟೆ ಬಿಜಾಪುರದ ಆದಿಲ್‌ಶಾಹಿಗಳ ಕೈಯಲ್ಲೂ ಇತ್ತು.

ಈ ಕೋಟೆ ಒಂದು ಇಂಗ್ಲಿಷ್ ಕಾದಂಬರಿಯಲ್ಲೂ ಬರುತ್ತದೆ. ಸುರಪುರ ಸಂಸ್ಥಾನದ ಅರಸ ವೆಂಕಟಪ್ಪ ನಾಯಕ ಚಿಕ್ಕವನಿದ್ದಾಗ, 1841ರಿಂದ 1853ರವರೆಗೆ ಇಲ್ಲಿ ಅಧಿಕಾರಿಯಾಗಿದ್ದವನು ಮೆಡೋಸ್ ಟೇಲರ್. ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ಅವನ ಕಾಲದ್ದು. ಅವನು ತೀರಿಕೊಂಡ ಎರಡು ವರ್ಷಕ್ಕೆ, 1878ರಲ್ಲಿ, 'ಎ ನೋಬಲ್ ಕ್ವೀನ್' ಪ್ರಕಟವಾಯಿತು. ಅದು ಚಾಂದ್ ಬೀಬಿಯ ಕಾಲದ ಕಥೆ. ತುಂಬಿದ ಕೃಷ್ಣೆ, ಬುಟ್ಟಿ ದೋಣಿ, ಬೇಡರು, ಜಲದುರ್ಗ ಎಲ್ಲವೂ ಅದರಲ್ಲಿವೆ. ಹನ್ನೆರಡು ವರ್ಷ ಈ ಹೊಳೆಯ ಮಗ್ಗುಲಲ್ಲಿದ್ದವನ ನೆನಪಿನಲ್ಲಿ ಹೊಳೆ ಕೊನೆಯವರೆಗೂ ಉಳಿದಿತ್ತು.

ಬಾದಶಹನ ಮಳೆಗಾಲ

ಟೇಲರ್‌ಗಿಂತ 136 ವರ್ಷ ಮೊದಲು ಇಲ್ಲಿಗೆ ಇನ್ನೂ ದೊಡ್ಡ ಅತಿಥಿಯೊಬ್ಬ ಬಂದಿದ್ದ. 1705ರ ಫೆಬ್ರುವರಿಯಲ್ಲಿ ಔರಂಗಜೇಬ ಸ್ವತಃ ಸೈನ್ಯ ನಡೆಸಿಕೊಂಡು ಬಂದು ಸುರಪುರ ನಾಯಕರ ವಾಗಣಗೇರಿ ಕೋಟೆಗೆ ಮುತ್ತಿಗೆ ಹಾಕಿದ. ಆಗ ಅವನಿಗೆ 86 ವರ್ಷ. ಏಪ್ರಿಲ್ ಕೊನೆಗೆ ಕೋಟೆ ಬಿತ್ತು, ಆದರೆ ಪಿಡ್ಡ ನಾಯಕ ಮತ್ತು ಅವನ ಕಡೆಯವರು ರಾತ್ರೋರಾತ್ರಿ ತಪ್ಪಿಸಿಕೊಂಡಿದ್ದರು. ಔರಂಗಜೇಬ ತಾನೇ ಮುಂದೆ ನಿಂತು ನಡೆಸಿದ ಕೊನೆಯ ದೊಡ್ಡ ಮುತ್ತಿಗೆ ಇದು.

ಆಮೇಲೆ ಮಳೆಗಾಲ ಕಳೆಯಲು ಅವನು ಬೀಡುಬಿಟ್ಟದ್ದು ಕೃಷ್ಣೆಯ ಹತ್ತಿರದ ದೇವಾಪುರದಲ್ಲಿ. ಅಲ್ಲಿಯೇ ಕಾಯಿಲೆ ಬಿದ್ದ. ಬಾದಶಹ ಸತ್ತೇ ಹೋದನೆಂದು ದಂಡು ಗಾಬರಿಯಾಗುವಷ್ಟು ಜೋರು ಕಾಯಿಲೆ. ಚೇತರಿಸಿಕೊಂಡು ಹೊರಟದ್ದು ಅಕ್ಟೋಬರ್ ತಿಂಗಳಲ್ಲಿ. ಅಲ್ಲಿಂದ ಅಹಮದ್‌ನಗರಕ್ಕೆ ಹೋದ, 1707ರ ಮಾರ್ಚ್‌ನಲ್ಲಿ ಅಲ್ಲೇ ತೀರಿಕೊಂಡ.

ಗಡ್ಡಿಗಳ ಕಥೆಯಲ್ಲಿ ಈ ಪ್ರಸಂಗಕ್ಕೂ ಜಾಗವಿದೆ. ಈ ಸೀಮೆಯಲ್ಲಿ ಮಳೆಗಾಲ ಎಂದರೆ ಕಾಯುವ ಕಾಲ. ದೆಹಲಿಯ ಬಾದಶಹನೂ ಇಲ್ಲಿ ಅರ್ಧ ವರ್ಷ ಕಾದ. ಗಡ್ಡಿಯ ರೈತನೂ ಕಾಯುತ್ತಿದ್ದ. ಮಳೆಗೆ ಮೊದಲೇ ಕಾಳುಕಡಿ, ಉಪ್ಪು, ಎಣ್ಣೆ ಕೂಡಿಟ್ಟುಕೊಂಡು ಕಾಯುವುದು ಗಡ್ಡಿ ಬದುಕಿನ ಕ್ರಮವೇ ಆಗಿತ್ತು.

ದಾಟುವ ವಿದ್ಯೆ

ಹಾಗಾದರೆ ದ್ವೀಪಕ್ಕೆ ಹೋದವರು ಅಲ್ಲಿ ಏನು ಮಾಡಬಹುದು? ನಮ್ಮನ್ನು ಕೇಳಿದರೆ, ಹೊಳೆ ದಾಟುವುದೇ ಅಲ್ಲಿನ ದೊಡ್ಡ ಅನುಭವ. ದತ್ತ ಸಂಪ್ರದಾಯದ ಶ್ರೀಪಾದ ಶ್ರೀವಲ್ಲಭರ ಕ್ಷೇತ್ರವಾದ ಕುರುವಪುರಕ್ಕೆ ಕರ್ನಾಟಕ, ತೆಲಂಗಾಣ, ಮಹಾರಾಷ್ಟ್ರದಿಂದ ಭಕ್ತರು ಬರುತ್ತಾರೆ. ಮರಾಠಿಯ 'ಗುರುಚರಿತ್ರೆ' ಓದಿದವರಿಗೆ ಈ ಊರ ಹೆಸರು ಗೊತ್ತು. ಮಕ್ತಲ್ ಕಡೆಯ ಪಂಚದೇವ ಪಹಾಡ್‌ನಿಂದ ಬಂದವರೂ ನೀರು ದಾಟಿಯೇ ಗುಡಿ ಮುಟ್ಟಬೇಕು.

ಹರಿಗೋಲಿನ ಚರಿತ್ರೆ ಕೋಟೆಗಳ ಚರಿತ್ರೆಗಿಂತ ಸಣ್ಣದಲ್ಲ. ಸುಮಾರು 1520ರ ಹೊತ್ತಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಗೆ ದಾಟುವ ಬುಟ್ಟಿಯಂಥ ದುಂಡನೆಯ ದೋಣಿಗಳನ್ನು ವರ್ಣಿಸಿದ್ದಾನೆ. ಒಳಗೆ ಹೆಣಿಗೆ, ಹೊರಗೆ ತೊಗಲು. ಹದಿನೈದು ಇಪ್ಪತ್ತು ಜನ ಕೂರಬಹುದು, ಬೇಕಾದರೆ ಎತ್ತು, ಕುದುರೆಯನ್ನೂ ಸಾಗಿಸಬಹುದು. ನೆಟ್ಟಗೆ ಹೋಗದೆ ಸುತ್ತುತ್ತ ಸಾಗುತ್ತವೆ ಎಂಬುದನ್ನೂ ಅವನು ಗಮನಿಸಿದ್ದ. ಈಗ ತೊಗಲಿನ ಬದಲು ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ಬಿದಿರಿನ ಹೆಣಿಗೆ ಮತ್ತು ಅಂಬಿಗರ ಹುಟ್ಟು ಹಾಕುವ ಕೈ ಹಾಗೆಯೇ ಇವೆ.

ಹರಿಗೋಲೂ ಇಲ್ಲದಾಗ ಸೋರೆಬುರುಡೆ. ಒಣಗಿಸಿದ ಸೋರೆ, ಕುಂಬಳದ ಬುರುಡೆಗಳನ್ನು ಮೈಗೆ ಕಟ್ಟಿಕೊಂಡರೆ ಅವು ತೇಲಿಸುತ್ತವೆ. ಲೈಫ್ ಜಾಕೆಟ್‌ಗಿಂತ ಹಳೆಯ ವಿದ್ಯೆ ಇದು.

ಗೇಟು ತೆರೆದ ಮೇಲೆ

1964ರಲ್ಲಿ ಆಲಮಟ್ಟಿಯಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಅವರು ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಹಾಕಿದರು. 1982ರ ಹೊತ್ತಿಗೆ ನಾರಾಯಣಪುರದ ಬಸವಸಾಗರ ಅಣೆಕಟ್ಟು ಸಿದ್ಧವಾಯಿತು. ಉದ್ದ 10 ಕಿಲೋಮೀಟರಿಗೂ ಹೆಚ್ಚು, 30 ಗೇಟುಗಳು. ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರದ ಹೊಲಗಳಿಗೆ ಹರಿದು, ಜೋಳ ಬೆಳೆಯುತ್ತಿದ್ದ ಎಷ್ಟೋ ನೆಲದಲ್ಲಿ ಭತ್ತ ಬಂತು. ಈ ಲಾಭ ಸಣ್ಣದಲ್ಲ.

ಆದರೆ ಗಡ್ಡಿಯ ಕ್ಯಾಲೆಂಡರ್ ಬದಲಾಯಿತು. ಪ್ರವಾಹ ಮೊದಲೂ ಬರುತ್ತಿತ್ತು, ಆಗ ಜನ ಮೋಡ, ನೀರಿನ ಬಣ್ಣ, ಹೊಳೆಯ ಸದ್ದು ನೋಡಿ ಅಂದಾಜು ಕಟ್ಟುತ್ತಿದ್ದರು. ಈಗ ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ, ಆಲಮಟ್ಟಿಯ ಒಳಹರಿವು, ಬಸವಸಾಗರದ ಹೊರಹರಿವು ಎಂಬ ಅಂಕಿಗಳ ಮೇಲೆ ಅವರ ದಾರಿ ನಿಂತಿದೆ. ಗಡ್ಡಿಯಲ್ಲಿ ಒಂದು ಹನಿ ಮಳೆ ಇಲ್ಲದ ದಿನವೂ ಹೊಳೆ ಏರಬಹುದು. 2019ರ ಆಗಸ್ಟ್‌ನಲ್ಲಿ 5 ಲಕ್ಷ ಕ್ಯೂಸೆಕ್ಸ್‌ಗೂ ಹೆಚ್ಚು ನೀರು ಬಿಟ್ಟಾಗ ಗಡ್ಡಿಗಳಷ್ಟೇ ಅಲ್ಲ, ಶಹಾಪುರ ತಾಲೂಕಿನ ಕೊಳ್ಳೂರು ಸೇತುವೆಯೂ ಮುಳುಗಿ ದೇವದುರ್ಗದ ದಾರಿ ಬಂದಾಯಿತು.

2014ರ ಮಳೆಗಾಲದಲ್ಲಿ ನೀಲಕಂಠರಾಯನಗಡ್ಡಿಯ ತುಂಬು ಗರ್ಭಿಣಿಯೊಬ್ಬರು ಸೋರೆಬುರುಡೆ ಕಟ್ಟಿಕೊಂಡು, ಮನೆಯವರ ಜೊತೆ ಈಜಿ ಕಕ್ಕೇರಾ ಕಡೆಗೆ ಬಂದರು. ಹೆರಿಗೆಗೆ ಆಸ್ಪತ್ರೆ ಬೇಕು ಎಂಬುದಷ್ಟೇ ಕಾರಣ. ದೇಶವಿದೇಶದ ಮಾಧ್ಯಮಗಳು ಅದನ್ನು ಸಾಹಸ ಎಂದು ಬರೆದವು. ಸಾಹಸ ನಿಜ. ಆದರೆ ಅಣೆಕಟ್ಟು ಸಿದ್ಧವಾಗಿ ಮೂವತ್ತೆರಡು ವರ್ಷವಾದ ಮೇಲೂ ಹೆರಿಗೆಗೆ ಹೊರಟವರಿಗೆ ಸಿಕ್ಕ ಸಾಧನ ಸೋರೆಬುರುಡೆಯೇ ಆಗಿತ್ತು ಎಂಬುದು ಅದಕ್ಕಿಂತ ದೊಡ್ಡ ಸುದ್ದಿ. 2020ರ ಆಗಸ್ಟ್‌ನಲ್ಲಿ ಕುರ್ವಖುರ್ದಾ ಬಳಿ, ಸಾಮಾನು ಕೊಂಡು ಮನೆಗೆ ಮರಳುತ್ತಿದ್ದವರ ತೆಪ್ಪ ಮಗುಚಿ ಜೀವಗಳು ಹೋದವು. ಅಲ್ಲಿ ಸಾಹಸದ ಮಾತೂ ಇರಲಿಲ್ಲ, ಸಂಜೆಯೊಳಗೆ ಮನೆ ಸೇರಬೇಕಿತ್ತು ಅಷ್ಟೆ.

ಒಂದು ಕಾಲಕ್ಕೆ ಅರಸರು ಗಡ್ಡಿಯನ್ನು ಆರಿಸಿಕೊಂಡದ್ದು ಅಲ್ಲಿಗೆ ಯಾರೂ ಸುಲಭವಾಗಿ ಬರಲಾರರು ಎಂದು. ಸಾಧಕರು ಆರಿಸಿಕೊಂಡದ್ದೂ ಅದಕ್ಕೇ. ಆದರೆ ಅರಸನಿಗೆ ಬೇರೆ ಕೋಟೆಗಳಿದ್ದವು, ಭಕ್ತನಿಗೆ ಮರಳಲು ಮನೆಯಿತ್ತು. ಅಲ್ಲೇ ಹೊಲ, ಅಲ್ಲೇ ಮನೆ ಇರುವವರಿಗೆ ಮಾತ್ರ ಆ ದೂರ ಪ್ರತಿ ವರ್ಷ ಲೆಕ್ಕ ಕೇಳುತ್ತದೆ.

ಹೋಗುವವರಿಗೆ

ಸಂಕ್ರಾಂತಿಯಿಂದ ಯುಗಾದಿವರೆಗೆ ಒಳ್ಳೆಯ ಕಾಲ. ಸುರಪುರದಲ್ಲಿ ಅರಮನೆ, ಟೇಲರ್ ಮಂಜಿಲ್ ನೋಡಿ, ವಾಗಣಗೇರಿ ಕೋಟೆ ಹತ್ತಿ. ಚಳಿಗಾಲವಾದರೆ ಬೋನಾಳ ಕೆರೆಗೆ ಬೆಳಿಗ್ಗೆ ಬೇಗ ಹೋಗಿ, ದೂರದಿಂದ ಬಂದ ಪಟ್ಟೆತಲೆ ಹೆಬ್ಬಾತುಗಳು ಕಾಣಬಹುದು. ಹುಣಸಗಿ, ಕೊಡೇಕಲ್ ದಾಟಿ ನಾರಾಯಣಪುರಕ್ಕೆ ಬಂದು ಛಾಯಾ ಭಗವತಿಯ ಬಂಡೆಗಳ ಮೇಲೆ ಸ್ವಲ್ಪ ಹೊತ್ತು ಕೂತು ಜಲದುರ್ಗಕ್ಕೆ ಹೋಗಿ. ಮರಳುವಾಗ ತಿಂಥಣಿಯಲ್ಲಿ ಮೌನೇಶ್ವರರ ಗುಡಿ, ಪಕ್ಕದಲ್ಲೇ ಹೊಳೆ. ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಜಾಗ ಅದು.

ಹೊಳೆಗೆ ಈಜಲು ಇಳಿಯಬೇಡಿ. ಬಂಡೆಗಳ ನಡುವೆ ಸೆಳವಿದೆ, ಕೃಷ್ಣೆಯಲ್ಲಿ ಮೊಸಳೆಗಳೂ ಇವೆ. ಹೊರಡುವ ಮೊದಲು ಬಸವಸಾಗರದ ಹೊರಹರಿವು ಎಷ್ಟು ಎಂದು ವಿಚಾರಿಸಿ. ಹರಿಗೋಲಿನಲ್ಲಿ ಅಂಬಿಗ ಹೇಳಿದ ಕಡೆ ಕೂರಿ, ಫೋಟೋಗಾಗಿ ಎದ್ದು ನಿಲ್ಲಬೇಡಿ.

ಗಡ್ಡಿಗೆ ಹೋದರೆ ಅದು ಇನ್ನೊಬ್ಬರ ಹೊಲ, ಇನ್ನೊಬ್ಬರ ಅಂಗಳ ಎಂಬುದು ನೆನಪಿರಲಿ. ಕೂತು ಮಾತಾಡಿ. ಮಳೆಗಾಲಕ್ಕೆ ಏನೇನು ಕೂಡಿಡುತ್ತೀರಿ, ಮಕ್ಕಳು ಶಾಲೆಗೆ ಹೇಗೆ ಹೋಗುತ್ತಾರೆ, ರಾತ್ರಿ ಯಾರಿಗಾದರೂ ಆರಾಮ ಇಲ್ಲದಿದ್ದರೆ ಏನು ಮಾಡುತ್ತೀರಿ ಎಂದು ಕೇಳಿ. ಬರೆಯುವ ಅಭ್ಯಾಸ ಇದ್ದವರು ಅದನ್ನು ಬರೆಯಿರಿ, ಜನವರಿಯಲ್ಲೇ ಬರೆಯಿರಿ. ಆಗಸ್ಟ್‌ನಲ್ಲಿ ಬರೆದರೆ ಬೋಟು ಬರುತ್ತದೆ. ಜನವರಿಯಲ್ಲಿ ಬರೆದರೆ ಸೇತುವೆಯ, ದಾದಿಯ, ಶಾಲೆಯ ಮಾತು ಬಜೆಟ್‌ಗೆ ಮೊದಲು ಯಾರದಾದರೂ ಮೇಜಿಗೆ ಮುಟ್ಟಬಹುದು.