ಹಿಸ್ಟಿಡೀನ್ ಗುರುತು ಏನನ್ನು ಹೇಳುತ್ತದೆ? ಕೊಬ್ಬಿನ ಉತ್ಕರ್ಷಣದ ಆಲ್ಡಿಹೈಡ್ ಮತ್ತು ಜೀವಕೋಶದ ಪ್ರೋಟೀನ್‌ಗಳು

ಜೀವಕೋಶದ ಪೊರೆಯಲ್ಲಿರುವ ಕೊಬ್ಬು ಉತ್ಕರ್ಷಣಗೊಂಡಾಗ ಹುಟ್ಟುವ 4-ಹೈಡ್ರಾಕ್ಸಿನೊನೀನಾಲ್ (ಮುಂದೆ ಎಚ್‌ಎನ್‌ಇ) ಪ್ರೋಟೀನ್‌ಗಳಿಗೆ ಅಂಟಿಕೊಳ್ಳುತ್ತದೆ ಎಂಬುದರಲ್ಲಿ ಈಗ ಸಂಶಯ ಉಳಿದಿಲ್ಲ. ಹಾಗೆ ಅಂಟುವುದು ಕೋಶಕ್ಕಾದ ಹಾನಿಯೋ, ಕೋಶವು ಗ್ರಹಿಸುವ ಸಂಕೇತವೋ ಎಂಬಲ್ಲಿ ಭಿನ್ನಾಭಿಪ್ರಾಯವಿದೆ. ಪ್ರತಿಕಾಯಗಳಿಂದ ಕಾಣಿಸುವ ಎಚ್‌ಎನ್‌ಇ-ಹಿಸ್ಟಿಡೀನ್ ಗುರುತನ್ನೇ ಈ ಚರ್ಚೆಯ ಎರಡೂ ಪಕ್ಷಗಳು ಸಾಕ್ಷ್ಯವಾಗಿ ಬಳಸುತ್ತ ಬಂದಿವೆ. ಆ ಗುರುತು ಸಂಕೇತದ ಸಾಕ್ಷ್ಯವಾಗಲಾರದು ಎಂಬುದು ಈ ಲೇಖನದ ವಾದ.

ಹಿನ್ನೆಲೆ ಎಲ್ಲರಿಗೂ ತಿಳಿದದ್ದೇ. ಲಿನೋಲಿಯಿಕ್, ಅರಾಕಿಡೋನಿಕ್ ಮೊದಲಾದ ಅಪರ್ಯಾಪ್ತ ಕೊಬ್ಬಿನಾಮ್ಲಗಳಲ್ಲಿ ಎರಡು ದ್ವಿಬಂಧಗಳ ನಡುವಿನ ಜಲಜನಕದ ಹಿಡಿತ ಸಡಿಲ. ರ‍್ಯಾಡಿಕಲ್ ಒಂದು ಅದನ್ನು ಕಿತ್ತುಕೊಂಡರೆ ಆ ಜಾಗಕ್ಕೆ ಆಮ್ಲಜನಕ ಸೇರಿ ಪೆರಾಕ್ಸೈಡ್ ಆಗುತ್ತದೆ; ಅದು ಒಡೆದಾಗ ಮ್ಯಾಲನ್‌ಡೈಆಲ್ಡಿಹೈಡ್, ಎಚ್‌ಎನ್‌ಇ ಮೊದಲಾದ ಆಲ್ಡಿಹೈಡ್‌ಗಳು ಉಳಿಯುತ್ತವೆ. ಡಬ್ಬಿಯಲ್ಲಿಟ್ಟ ಎಣ್ಣೆ ಕಮಟಾಗುವುದೂ ಇದೇ ರಸಾಯನಕ್ರಿಯೆಯಿಂದ. 1980ರಲ್ಲಿ ಬೆನೆಡೆಟ್ಟಿ, ಕಾಂಪೋರ್ಟಿ ಮತ್ತು ಎಸ್ಟರ್‌ಬೌವರ್ ಯಕೃತ್ತಿನ ಮೈಕ್ರೋಸೋಮ್‌ಗಳ ಕೊಬ್ಬಿನಿಂದ ಹುಟ್ಟುವ ವಿಷಕಾರಿ ವಸ್ತು ಎಚ್‌ಎನ್‌ಇ ಎಂದು ಗುರುತಿಸಿದರು. ಎಸ್ಟರ್‌ಬೌವರ್ ಮತ್ತು ಸಂಗಡಿಗರ 1991ರ ಸಮೀಕ್ಷೆ ಈ ಕ್ಷೇತ್ರಕ್ಕೆ ತಳಪಾಯ ಹಾಕಿತು. 1992ರಲ್ಲಿ ಉಚಿದ ಮತ್ತು ಸ್ಟಾಡ್ಟ್‌ಮನ್ ಹಿಸ್ಟಿಡೀನ್‌ಗೆ ಎಚ್‌ಎನ್‌ಇ ಸೇರುವುದನ್ನು ತೋರಿಸಿದರು. ಎಚ್‌ಎನ್‌ಇಯ ಮೂರನೆಯ ಇಂಗಾಲಕ್ಕೆ ಸಿಸ್ಟೀನ್, ಹಿಸ್ಟಿಡೀನ್, ಲೈಸೀನ್‌ಗಳು ಮೈಕೆಲ್ ಸಂಕಲನದಿಂದ ಸೇರುತ್ತವೆ. ಲೈಸೀನ್ ಮಾತ್ರ ಆಲ್ಡಿಹೈಡ್ ತುದಿಯಲ್ಲಿ ಶಿಫ್ ಬೇಸ್ ಆಗಿಯೂ ಸೇರಬಲ್ಲದು.

ವಿವಾದ ಇರುವುದು ಇಲ್ಲಿಂದ ಮುಂದೆ. ಡೂರ್ನ್ ಮತ್ತು ಪೀಟರ್ಸನ್ 2002ರಲ್ಲಿ ಅಮೈನೋ ಆಮ್ಲಗಳ ಮೇಲೆ ಅಳೆದ ದರ ಸ್ಥಿರಾಂಕಗಳು (ಪ್ರತಿ ಮೋಲಾರ್, ಪ್ರತಿ ಸೆಕೆಂಡಿಗೆ) ಹೀಗಿವೆ: ಸಿಸ್ಟೀನ್ 1.21, ಹಿಸ್ಟಿಡೀನ್ 0.00214, ಲೈಸೀನ್ 0.00133. ಈ ಶ್ರೇಣಿಯನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಆದರೆ ಕೋಶದೊಳಗೆ ಈ ಮೂರರ ಜೊತೆಗೆ ಗ್ಲುಟಾಥಯೋನ್ ಎಂಬ ನಾಲ್ಕನೆಯ ಸ್ಪರ್ಧಿಯೂ ಇದೆ. ಅದರ ಸಾರತೆ 1ರಿಂದ 10 ಮಿಲಿಮೋಲಾರ್. ಶ್ರೇಣಿಯ ಅರ್ಥ ತಿಳಿಯಬೇಕಾದರೆ ಗ್ಲುಟಾಥಯೋನನ್ನೂ ಲೆಕ್ಕಕ್ಕೆ ಸೇರಿಸಬೇಕು.

ಗ್ಲುಟಾಥಯೋನ್ 5 ಮಿಲಿಮೋಲಾರ್ ಇದೆ, ಅದರ ದರವೂ ಸಿಸ್ಟೀನ್‌ನಷ್ಟೇ ಎಂದುಕೊಳ್ಳೋಣ. ಆಗ ಕಿಣ್ವದ ನೆರವಿಲ್ಲದೆಯೂ ಎಚ್‌ಎನ್‌ಇಯ ಅರ್ಧಾಯುಷ್ಯ ಎರಡು ನಿಮಿಷದೊಳಗೇ ಇರುತ್ತದೆ. ಗ್ಲುಟಾಥಯೋನ್ ಟ್ರಾನ್ಸ್‌ಫರೇಸ್ ಎ4-4 ಕಿಣ್ವ ಅದನ್ನು ಇನ್ನಷ್ಟು ಇಳಿಸುತ್ತದೆ. ಒಮ್ಮೆಗೆ 1 ಮೈಕ್ರೋಮೋಲಾರ್ ಎಚ್‌ಎನ್‌ಇ ಹುಟ್ಟಿತೆಂದರೆ, ಅದು ಖಾಲಿಯಾಗುವಷ್ಟರಲ್ಲಿ ಸಾಧಾರಣ ಸಿಸ್ಟೀನ್‌ಗಳಲ್ಲಿ ಸುಮಾರು ಶೇ. 0.02 ಮಾತ್ರ ಮಾರ್ಪಡುತ್ತವೆ. ಹಿಸ್ಟಿಡೀನ್‌ನಲ್ಲಿ ಈ ಪ್ರಮಾಣ ಕೋಟಿಗೆ ಮೂರೋ ನಾಲ್ಕೋ.

ಇನ್ನು ವಿಶೇಷ ಸಿಸ್ಟೀನ್‌ಗಳ ಮಾತು. pH 7.4ರಲ್ಲಿ ಗ್ಲುಟಾಥಯೋನ್‌ನ ಸುಮಾರು ಶೇ. 4 ಭಾಗ ಮಾತ್ರ ಕ್ರಿಯಾಶೀಲ ಥಯೋಲೇಟ್ ರೂಪದಲ್ಲಿರುತ್ತದೆ. ಸುತ್ತಲಿನ ಅಮೈನೋ ಆಮ್ಲಗಳ ಪ್ರಭಾವದಿಂದ ಒಂದು ಸಿಸ್ಟೀನ್‌ನ pKa 6ಕ್ಕೆ ಇಳಿದಿದ್ದರೆ ಅದರ ಶೇ. 96 ಭಾಗ ಆ ರೂಪದಲ್ಲಿರುತ್ತದೆ. ಥಯೋಲೇಟಿನ ಸಹಜ ಚುರುಕು ಎರಡರಲ್ಲೂ ಒಂದೇ ಎಂದಿಟ್ಟುಕೊಂಡರೆ ವೇಗ 25 ಪಟ್ಟು ಹೆಚ್ಚುತ್ತದೆ. ಮಾರ್ಪಾಡು ಸುಮಾರು ಶೇ. 0.5ಕ್ಕೆ ಏರುತ್ತದೆ. ಆದರೂ 1 ಮೈಕ್ರೋಮೋಲಾರ್ ಪ್ರೋಟೀನ್‌ಗೆ ಎದುರಾಗಿ ಗ್ಲುಟಾಥಯೋನ್ 5,000 ಪಟ್ಟು ಇದೆ. pKa ಒಂದರ ಬಲದಿಂದ ಆ ಪ್ರೋಟೀನ್ ಗೆಲ್ಲಲಾರದು. ಉಳಿದ ಕೊರತೆಯನ್ನು ತುಂಬಬಲ್ಲದ್ದು ಸ್ಥಾನ. ಎಚ್‌ಎನ್‌ಇ ಕೊಬ್ಬಿನಲ್ಲಿ ಕರಗಿ ಪೊರೆಯಲ್ಲಿ ಸೇರಿಕೊಳ್ಳುತ್ತದೆ; ಗ್ಲುಟಾಥಯೋನ್ ನೀರಿನ ಭಾಗದಲ್ಲಿರುತ್ತದೆ. ಪೊರೆಗೆ ತಾಗಿಕೊಂಡಿರುವ ಪ್ರೋಟೀನ್‌ಗೆ ಎಚ್‌ಎನ್‌ಇ ಹೆಚ್ಚು, ಪೈಪೋಟಿ ಕಡಿಮೆ.

2014ರಲ್ಲಿ ಪ್ರಕಟವಾದ, ವಾಂಗ್, ವೀರಪಾನ, ಕ್ರಾವಟ್ ಮತ್ತು ಸಂಗಡಿಗರ ಅಧ್ಯಯನ ಇಲ್ಲಿ ನೆರವಿಗೆ ಬರುತ್ತದೆ. ಮಾನವ ಕೋಶಗಳ ಸಾವಿರಕ್ಕೂ ಹೆಚ್ಚು ಸಿಸ್ಟೀನ್‌ಗಳನ್ನು ಅವರು ಒಟ್ಟಿಗೇ ಪರೀಕ್ಷಿಸಿದರು. ಅತಿಸೂಕ್ಷ್ಮವಾಗಿ ಸ್ಪಂದಿಸಿದವು ಕೆಲವೇ. ಅವುಗಳಲ್ಲಿ ಒಂದು ಝಡ್‌ಎಕೆ ಕೈನೇಸಿನ ಕ್ರಿಯಾಸ್ಥಾನದ ಬಳಿಯ 22ನೆಯ ಸಿಸ್ಟೀನ್. ಅದು ಮಾರ್ಪಟ್ಟರೆ ಜೆಎನ್‌ಕೆ ಸಂಕೇತಮಾರ್ಗ ತಗ್ಗುತ್ತದೆ. ಆಯ್ಕೆ ಇದೆ ಎಂಬುದಕ್ಕೆ ಇದು ಗಟ್ಟಿ ಪುರಾವೆ. ಆದರೆ ಕೋಶವನ್ನು ಒಡೆದು ಮಾಡುವ ಇಂಥ ಪರೀಕ್ಷೆಯಲ್ಲಿ ಗ್ಲುಟಾಥಯೋನ್ ತೆಳುವಾಗುತ್ತದೆ, ಪ್ರೋಟೀನ್‌ಗಳು ಸ್ಥಾನ ಕಳೆದುಕೊಳ್ಳುತ್ತವೆ. ಅಲ್ಲಿ ಸಿಗುವುದು ಸಿಸ್ಟೀನ್‌ನ ಸಹಜ ಚುರುಕಿನ ಅಳತೆ. ಯಿಮಾನ್ ಆಯ್ ಅವರ ತಂಡ 2013ರಿಂದ ಬೇರೆ ದಾರಿ ಹಿಡಿಯಿತು. ಜೀವಂತ ಕೋಶದಲ್ಲಿ ಕೀಪ್1 ಪ್ರೋಟೀನ್‌ನ ಪಕ್ಕದಲ್ಲೇ ಬೆಳಕಿನಿಂದ ಎಚ್‌ಎನ್‌ಇ ಬಿಡುಗಡೆ ಮಾಡಿದಾಗ, ಕೀಪ್1ನ ಒಂದು ಭಾಗ ಮಾತ್ರ ಮಾರ್ಪಟ್ಟರೂ ಎನ್‌ಆರ್‌ಎಫ್2 ರಕ್ಷಣಾ ಮಾರ್ಗ ಎಚ್ಚರಗೊಂಡಿತು. ಅಲ್ಪ ಮಾರ್ಪಾಡು ಸಾಕು ಎಂದು ಇದರಿಂದ ಸಿದ್ಧವಾಗುತ್ತದೆ. ಸಹಜ ಸ್ಥಿತಿಯಲ್ಲಿ ಹಾಗೇ ನಡೆಯುತ್ತದೆ ಎಂದು ಸಿದ್ಧವಾಗುವುದಿಲ್ಲ.

ಈಗ ಹಿಸ್ಟಿಡೀನ್‌ಗೆ ಬರೋಣ. ಅಂಗಾಂಶಗಳಲ್ಲಿ ಅದರ ಗುರುತು ಎದ್ದು ಕಾಣುವುದಕ್ಕೆ ಎರಡು ಕಾರಣಗಳಿವೆ. ಹೆಚ್ಚು ಬಳಕೆಯಲ್ಲಿರುವ ಪ್ರತಿಕಾಯಗಳನ್ನು ಸಿದ್ಧಪಡಿಸಿದ್ದೇ ಆ ಗುರುತನ್ನು ಹಿಡಿಯಲು. ಅಲ್ಲದೆ ಸಿಸ್ಟೀನ್‌ನೊಂದಿಗಿನ ಬಂಧ ಹಿಮ್ಮುಖ ಕ್ರಿಯೆಯಿಂದ ಬಿಚ್ಚಿಕೊಳ್ಳಬಲ್ಲದು, ಹಿಸ್ಟಿಡೀನ್‌ನೊಂದಿಗಿನದು ಹೆಚ್ಚು ಸ್ಥಿರ. ಹೀಗೆ ಮೊದಲು ನಡೆದ ಕ್ರಿಯೆ ಅಳಿಸಿಹೋಗಿ, ನಿಧಾನವಾಗಿ ನಡೆದದ್ದು ಉಳಿಯುತ್ತದೆ. ಮೇಲಿನ ಲೆಕ್ಕದೊಂದಿಗೆ ಇದನ್ನು ಸೇರಿಸಿ ನೋಡಿದರೆ ನನ್ನ ತೀರ್ಮಾನ ಇದು: ಹಾನಿ, ಸಂಕೇತಗಳಿಗೆ ಪ್ರತ್ಯೇಕ ರಸಾಯನಕ್ರಿಯೆಗಳಿಲ್ಲ. ಗ್ಲುಟಾಥಯೋನ್ ಇರುವಷ್ಟು ಕಾಲ ಕೆಲವೇ ಸಿಸ್ಟೀನ್‌ಗಳು ಮಾರ್ಪಡುತ್ತವೆ. ಅದು ಬರಿದಾಗಿ ಎಚ್‌ಎನ್‌ಇ ಮಡುಗಟ್ಟಿದ ಮೇಲೆ ಹಿಸ್ಟಿಡೀನ್, ಲೈಸೀನ್‌ಗಳ ಸರದಿ. ಹಿಸ್ಟಿಡೀನ್ ಗುರುತು ಬಹುಮಟ್ಟಿಗೆ ರಕ್ಷಣೆ ಕುಸಿದದ್ದರ ದಾಖಲೆ.

ಈ ಮಾತಿಗೆ ಮಿತಿಗಳಿವೆ. ಬಿಡಿ ಅಮೈನೋ ಆಮ್ಲದ ದರ ಮಡಿಚಿಕೊಂಡ ಪ್ರೋಟೀನ್‌ಗೆ ಹಾಗೆಯೇ ಅನ್ವಯಿಸುವುದಿಲ್ಲ. ಅಸಾಧಾರಣ ಚುರುಕಿನ ಹಿಸ್ಟಿಡೀನ್‌ಗಳು ಇರಬಹುದು. ಎಚ್‌ಎನ್‌ಇ ಒಮ್ಮೆ ಹುಟ್ಟಿ ಮುಗಿಯುತ್ತದೆ ಎಂದು ಲೆಕ್ಕ ಹಾಕಿದ್ದೇನೆ. ಅದು ದಿನಗಟ್ಟಲೆ ಹುಟ್ಟುತ್ತಲೇ ಇದ್ದರೆ, ದೀರ್ಘಾಯುಷಿ ಪ್ರೋಟೀನ್‌ಗಳಲ್ಲಿ ಗ್ಲುಟಾಥಯೋನ್ ಬರಿದಾಗದೆಯೂ ಹಿಸ್ಟಿಡೀನ್ ಗುರುತು ಕೂಡಿಕೊಳ್ಳಬಹುದು. ಮೈಟೊಕಾಂಡ್ರಿಯದ ಒಳಪೊರೆಯಂಥ ಕಡೆ ಗ್ಲುಟಾಥಯೋನ್ ಮತ್ತು ಎಚ್‌ಎನ್‌ಇಗಳ ಸ್ಥಳೀಯ ಪ್ರಮಾಣ ಎಷ್ಟೆಂಬ ಪ್ರಶ್ನೆಯೂ ತೆರೆದೇ ಇದೆ. ಈ ವಾದ ನಿಲ್ಲುವುದು ಬೀಳುವುದು ಅದರ ಮೇಲೆ. ಹಾಗಾಗಿ ಪ್ರೋಟೀನ್ ಮಾರ್ಪಾಡನ್ನು ವರದಿ ಮಾಡುವ ಪ್ರತಿಯೊಂದು ಅಧ್ಯಯನವೂ ಅದೇ ಮಾದರಿಯ ಗ್ಲುಟಾಥಯೋನ್ ಮಟ್ಟವನ್ನು, ಮಾರ್ಪಟ್ಟ ಪ್ರೋಟೀನ್‌ನ ಶೇಕಡಾ ಪ್ರಮಾಣವನ್ನು ಜೊತೆಗೇ ಕೊಡಬೇಕು. ಇವೆರಡಿಲ್ಲದ ಪ್ರತಿಕಾಯ ಚಿತ್ರವನ್ನು ಸಂಕೇತದ ಪುರಾವೆ ಎಂದು ಒಪ್ಪಬಾರದು.