ಕದಂಬ ಶಾಸನಗಳ ಅಧ್ಯಯನ

ಬನವಾಸಿಯನ್ನು ರಾಜಧಾನಿಯಾಗಿ ಹೊಂದಿದ್ದ ಕದಂಬರ ಶಾಸನಗಳ ಶೋಧ ಮತ್ತು ಓದು 19ನೆಯ ಶತಮಾನದ ಉತ್ತರಾರ್ಧದಲ್ಲಿ ಚುರುಕುಗೊಂಡಿತು. ಭಾರತೀಯ, ಬ್ರಿಟಿಷ್, ಆಸ್ಟ್ರಿಯನ್ ಹಾಗೂ ಜರ್ಮನ್ ವಿದ್ಯಾಕೇಂದ್ರಗಳ ವಿದ್ವಾಂಸರು ಇದರಲ್ಲಿ ಪಾಲ್ಗೊಂಡರು. ಶಿರಸಿ ತಾಲ್ಲೂಕಿನ ಗುಡ್ನಾಪುರದ ಕಂಬಶಾಸನವು ಈ ಸಾಲಿಗೆ ತಡವಾಗಿ ಸೇರಿದರೂ, ಅದುವರೆಗಿನ ತಿಳಿವಳಿಕೆಯನ್ನು ಗಣನೀಯವಾಗಿ ತಿದ್ದಿತು.

ಆರಂಭಿಕ ಅಧ್ಯಯನ

ಕದಂಬರ ನಾಡು ಬ್ರಿಟಿಷರ ಕಾಲದಲ್ಲಿ ಒಂದೇ ಆಡಳಿತದಲ್ಲಿ ಇರಲಿಲ್ಲ. ತಾಳಗುಂದ ಮೈಸೂರು ಸಂಸ್ಥಾನದಲ್ಲಿತ್ತು. ಬನವಾಸಿ, ಗುಡ್ನಾಪುರ, ಹಲಸಿಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಆದಕಾರಣ ಒಂದೇ ರಾಜವಂಶದ ಶಾಸನಗಳು ಬೇರೆಬೇರೆ ಮಾಲೆಗಳಲ್ಲಿ ಅಚ್ಚಾದವು. ಹಲಸಿಯ ತಾಮ್ರಪಟಗಳನ್ನು ಮುಂಬಯಿ ಪ್ರಾಂತದ ಅಧಿಕಾರಿ ಜೆ.ಎಫ್. ಫ್ಲೀಟ್ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಪ್ರಕಟಿಸಿದರು.

ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿರುವ ಕಂಬವನ್ನು ಬೆಳಕಿಗೆ ತಂದವರು ಬೆಂಗಳೂರಿನಲ್ಲಿ ಹುಟ್ಟಿದ ಬಿ.ಎಲ್. ರೈಸ್. ವಿಯೆನ್ನಾದಲ್ಲಿ ಪ್ರಾಧ್ಯಾಪಕರಾಗಿದ್ದ ಗೆಯೋರ್ಗ್ ಬ್ಯೂಲರ್ 1895ರಲ್ಲಿ ಅದನ್ನು ವಿದ್ವಲ್ಲೋಕಕ್ಕೆ ಪರಿಚಯಿಸಿದರು. ಬಳಿಕ ಗಟ್ಟಿಂಗೆನ್‌ನ ಎಫ್. ಕೀಲ್‌ಹಾರ್ನ್ 'ಎಪಿಗ್ರಾಫಿಯಾ ಇಂಡಿಕಾ'ದ 8ನೆಯ ಸಂಪುಟದಲ್ಲಿ ಅದರ ಪರಿಷ್ಕೃತ ಪಾಠವನ್ನು ನೀಡಿದರು. ಕೀಲ್‌ಹಾರ್ನ್ ಅದಕ್ಕೂ ಮೊದಲು ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಸಂಸ್ಕೃತ ಬೋಧಿಸಿದ್ದವರು.

ಈ ಸಹಕಾರಕ್ಕೆ ಆಧಾರವಾದದ್ದು ಪಡಿಯಚ್ಚು. ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಅಕ್ಷರಗಳ ಕುಳಿಗಳಿಗೆ ಇಳಿಯುವಂತೆ ಕುಂಚದಿಂದ ಬಡಿದು, ಮೇಲೆ ಮಸಿ ಒತ್ತಿದರೆ ಅಕ್ಷರಗಳು ಬಿಳಿಯಾಗಿ ಉಳಿಯುತ್ತವೆ. ಕಂಬ ಊರಿನಲ್ಲೇ ನಿಂತಿದ್ದು, ಅದರ ಪಾಠ ಮಾತ್ರ ಕಡಲು ದಾಟಿ ಓದಲ್ಪಡಲು ಇದರಿಂದ ಸಾಧ್ಯವಾಯಿತು. ಪಡಿಯಚ್ಚು ತೆಗೆದ ಸ್ಥಳೀಯ ಸಿಬ್ಬಂದಿಯ ಹೆಸರು ಪ್ರಕಟಣೆಗಳಲ್ಲಿ ಕಾಣಸಿಗುವುದು ವಿರಳ.

1931ರಲ್ಲಿ ಜಾರ್ಜ್ ಎಂ. ಮೊರೇಸ್ 'ದಿ ಕದಂಬ ಕುಲ' ಗ್ರಂಥದಲ್ಲಿ, ಆವರೆಗೆ ಚದುರಿದ್ದ ಆಕರಗಳನ್ನು ಒಗ್ಗೂಡಿಸಿದರು. ಸ್ಪೇನ್ ಮೂಲದ ಪಾದ್ರಿ ಹೆನ್ರಿ ಹೆರಾಸ್ ಮುಂಬಯಿಯಲ್ಲಿ ಕಟ್ಟಿದ ಇತಿಹಾಸ ಅಧ್ಯಯನ ಪರಂಪರೆಗೆ ಸೇರಿದ ಕೃತಿಯಿದು.

ಗುಡ್ನಾಪುರ ಶಾಸನ

ಬನವಾಸಿಯ ಸಮೀಪದ ಗುಡ್ನಾಪುರದಲ್ಲಿ ದೊರೆತ ಕದಂಬ ರವಿವರ್ಮನ ಸಂಸ್ಕೃತ ಕಂಬಶಾಸನವನ್ನು ಬಿ.ಆರ್. ಗೋಪಾಲ್ ಓದಿ ಪ್ರಕಟಿಸಿದರು. ಮೊರೇಸರಿಗೆ ಈ ಆಕರ ಲಭ್ಯವಿರಲಿಲ್ಲ. ತಾಳಗುಂದ ಶಾಸನದಲ್ಲಿ ವೀರಶರ್ಮನು ಮಯೂರಶರ್ಮನೊಂದಿಗೆ ಕಂಚಿಗೆ ಹೋದ ಗುರು ಮಾತ್ರ. ಗುಡ್ನಾಪುರ ಶಾಸನವು ಆತನನ್ನೇ ಮಯೂರಶರ್ಮನ ಅಜ್ಜನೆಂದೂ, ಬಂಧುಷೇಣನನ್ನು ತಂದೆಯೆಂದೂ ಹೇಳುತ್ತದೆ. ಇದರಿಂದ ಕದಂಬ ವಂಶಾವಳಿ ಮಯೂರಶರ್ಮನಿಂದ ಎರಡು ತಲೆಮಾರು ಹಿಂದಕ್ಕೆ ಸರಿಯಿತು.

ಶಾಸನದ ಮುಖ್ಯ ವಿಷಯ ರವಿವರ್ಮನು ಕಟ್ಟಿಸಿದ ಕಾಮಜಿನಾಲಯ. ಅದರ ಆಸುಪಾಸಿನ ಅರಮನೆ, ಅಂತಃಪುರ, ನೃತ್ಯಶಾಲೆಗಳ ಹಾಗೂ ವಸಂತೋತ್ಸವದ ಉಲ್ಲೇಖಗಳೂ ಇವೆ. ಮನ್ಮಥನ ಆಲಯಕ್ಕೆ ಜಿನಾಲಯವೆಂಬ ಹೆಸರು ಹೇಗೆ ಎಂಬುದು ಚರ್ಚೆಗೆ ಒಳಗಾಗಿದೆ. ಜೈನ ಪರಂಪರೆಯಲ್ಲಿ ಬಾಹುಬಲಿಯನ್ನು ಕಾಮದೇವನೆಂದು ಕರೆಯುವುದುಂಟು.

ಬೇರೆಬೇರೆ ಮಾಲೆಗಳಲ್ಲಿ ಹಂಚಿಹೋಗಿದ್ದ ಕದಂಬ ಶಾಸನಗಳನ್ನು ಗೋಪಾಲ್ ಒಂದೆಡೆ ಸಂಪಾದಿಸಿದರು. ಆ ಸಂಪುಟವನ್ನು 1985ರಲ್ಲಿ ಪ್ರಕಟಿಸಿದ್ದು ಶಿರಸಿಯ ಕದಂಬ ಸಾಂಸ್ಕೃತಿಕ ಅಧ್ಯಯನ ಸಂಸ್ಥೆ.